ಎಂಟು ಕಿಲೋಮೀಟರ್ ಓಡಲು ಎಷ್ಟು ದೂರ ಹೋಗಬೇಕು?

ಬೆಳಿಗ್ಗೆ ಐದೂಮುಕ್ಕಾಲಕ್ಕೆ, ಮೈಸೂರಿನ ಹತ್ತಿರದ ನಮ್ಮೂರು ಇಲವಾಲದ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಸ್ಟೌ ಹೊತ್ತಿಕೊಳ್ಳುವ ಹೊತ್ತಿಗೆ ನಾವು ಆರೇಳು ಹೆಂಗಸರು ಸಾಗರಕಟ್ಟೆ ರಸ್ತೆ ಹಿಡಿದಿರುತ್ತೇವೆ. ಸ್ವಲ್ಪ ದೂರ ಓಟ, ಸ್ವಲ್ಪ ದೂರ ನಡಿಗೆ, ನಡುನಡುವೆ ಮಾತು. ಈಚೆಗೆ ಮಾತು ಎಲ್ಲಿ ಶುರುವಾದರೂ ಹೈರಾಕ್ಸಿಗೇ ಬಂದು ನಿಲ್ಲುತ್ತದೆ. ಓದುಗರ ಫೋನುಗಳೂ ಹಾಗೇ ಆಗಿವೆ. ಕೂರ್ಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, 'ಮೇಡಂ, ಬ್ಯಾಂಕಾಕಿಗೆ ಹೋಗಿ ಓಡಿ ಬರೋಣ ಅಂತಿದೀನಿ, ಎಷ್ಟು ದಿನ ರಜೆ ಹಾಕಲಿ?' ಎಂದು ಕೇಳಿದ. ಹುಣಸೂರಿನ ಶಿಕ್ಷಕಿಯೊಬ್ಬರಿಗೆ ಐವತ್ತೆರಡು ವರ್ಷ. ದುಬೈಯಲ್ಲಿರುವ ಮಗನನ್ನು ನೋಡಲು ಹೋಗುವಾಗಲೇ ಇದನ್ನೂ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಈ ವಾರ ಇಲ್ಲೇ ಬರೆದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಆಟದ ವಿಷಯ. ಹೈರಾಕ್ಸ್ ಎಂದರೆ ಛಾವಣಿಯ ಕೆಳಗೆ ನಡೆಯುವ ಓಟ. ಒಂದು ಕಿಲೋಮೀಟರ್ ಓಡಬೇಕು, ಒಂದು ಕಸರತ್ತು ಮಾಡಬೇಕು. ಮತ್ತೆ ಒಂದು ಕಿಲೋಮೀಟರ್, ಮತ್ತೊಂದು ಕಸರತ್ತು. ಹೀಗೆ ಎಂಟು ಸಲ. ಕಸರತ್ತುಗಳ ಕ್ರಮ ಎಂದೂ ಬದಲಾಗುವುದಿಲ್ಲ. ಹಿಮದ ಮೇಲೆ ಕೋಲೂರಿ ಜಾರುವವರ ಹಾಗೆ ಎರಡೂ ಕೈಯಿಂದ ಹಗ್ಗ ಜಗ್ಗುವ ಸ್ಕೀ ಯಂತ್ರದಲ್ಲಿ ಸಾವಿರ ಮೀಟರ್. ತೂಕ ಹೇರಿದ ಸ್ಲೆಡ್ಡನ್ನು ಐವತ್ತು ಮೀಟರ್ ನೂಕುವುದು. ಆಮೇಲೆ ಐವತ್ತು ಮೀಟರ್ ಹಗ್ಗ ಹಿಡಿದು ಎಳೆಯುವುದು. ನೆಲಕ್ಕೆ ಎದೆ ತಾಗಿಸಿ ಎದ್ದು ಮುಂದಕ್ಕೆ ಹಾರುವ ಬರ್ಪಿ ಎಂಬತ್ತು ಮೀಟರ್. ದೋಣಿಯ ಹುಟ್ಟು ಹಾಕುವಂಥ ಯಂತ್ರದಲ್ಲಿ ಸಾವಿರ ಮೀಟರ್. ಎರಡೂ ಕೈಯಲ್ಲಿ ಭಾರ ಹಿಡಿದು ಇನ್ನೂರು ಮೀಟರ್ ನಡಿಗೆ. ಹೆಗಲ ಮೇಲೆ ಮರಳಿನ ಚೀಲ ಹೊತ್ತು, ಹೆಜ್ಜೆಗೊಮ್ಮೆ ಮಂಡಿ ನೆಲಕ್ಕೆ ಮುಟ್ಟಿಸುತ್ತ ನೂರು ಮೀಟರ್. ಕೊನೆಗೆ ಭಾರದ ಚೆಂಡನ್ನು ಗೋಡೆಯ ಗುರಿಗೆ ನೂರು ಸಲ ಎಸೆಯುವುದು. ಹೆಂಗಸರ ಸಾಮಾನ್ಯ ವಿಭಾಗದಲ್ಲಿ ನೂಕುವ ಸ್ಲೆಡ್ಡಿನ ಭಾರ 102 ಕೆ.ಜಿ., ಗಂಡಸರಿಗೆ 152. ಕೈಯಲ್ಲಿ ಹಿಡಿಯುವುದು ಹೆಂಗಸರಿಗೆ 16 ಕೆ.ಜಿ.ಯ ಎರಡು, ಗಂಡಸರಿಗೆ 24ರ ಎರಡು. ನಲ್ಲಿ ಬರುವ ಮೊದಲು ಬೋರ್‌ವೆಲ್ಲಿನಿಂದ ಎರಡೂ ಕೈಯಲ್ಲಿ ಕೊಡ ಹಿಡಿದು ಮನೆಗೆ ನೀರು ತುಂಬಿಸಿದ ನನ್ನಂಥವರಿಗೆ ಆ ಇನ್ನೂರು ಮೀಟರ್ ಹೊಸದಲ್ಲ. ಅದಕ್ಕೆ ಅವರು ಇಟ್ಟಿರುವ ಹೆಸರೂ ಫಾರ್ಮರ್ಸ್ ಕ್ಯಾರಿ, ಅಂದರೆ ರೈತ ಭಾರ ಹೊರುವ ರೀತಿ. ಎಲ್ಲ ಮುಗಿಸಲು ಸಾಮಾನ್ಯರಿಗೆ ಒಂದೂವರೆ ಗಂಟೆಯ ಆಸುಪಾಸು ಬೇಕು. ಒಬ್ಬರೇ ಓಡಬಹುದು, ಜೋಡಿಯಾಗಿ ಓಡಬಹುದು, ನಾಲ್ವರ ರಿಲೇ ತಂಡವೂ ಉಂಟು.

ಇದು ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಕ್ರಿಶ್ಚಿಯನ್ ಟೊಟ್ಸ್ಕೆ ಮತ್ತು ಮೊರಿಟ್ಜ್ ಫರ್ಸ್ಟೆ ಸೇರಿ 2017ರಲ್ಲಿ ಕಟ್ಟಿದರು, ಮೊದಲ ಓಟ 2018ರಲ್ಲಿ ಅಲ್ಲೇ ನಡೆಯಿತು. ಫರ್ಸ್ಟೆ ಹೆಸರು ಹಾಕಿ ನೋಡುವವರಿಗೆ ಗೊತ್ತಿರಬೇಕು. 2008ರ ಬೀಜಿಂಗ್ ಮತ್ತು 2012ರ ಲಂಡನ್ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಜರ್ಮನ್ ತಂಡದಲ್ಲಿದ್ದವರು. ನಮ್ಮ ಹಾಕಿ ಇಂಡಿಯಾ ಲೀಗಿನ ಮೊದಲ ವರ್ಷ, 2013ರಲ್ಲಿ, ಕಪ್ ಗೆದ್ದ ರಾಂಚಿ ರೈನೋಸ್ ತಂಡದ ನಾಯಕ. ನಮ್ಮೂರಿನ ಮುಂದೆ ಹಾದುಹೋಗುವ ಹುಣಸೂರು ರಸ್ತೆ ಹಾಗೇ ಕೊಡಗಿಗೆ ಹೋಗುತ್ತದೆ. ಅಲ್ಲಿನ ಹಾಕಿಪ್ರಿಯರಿಗೆ ಇಷ್ಟು ಹೇಳಿದರೆ ಸಾಕು, ಈ ಆಟದ ಬಗ್ಗೆ ಅರ್ಧ ನಂಬಿಕೆ ಹುಟ್ಟುತ್ತದೆ. ಭಾರತಕ್ಕೆ ಇದು ಬಂದದ್ದು 2025ರ ಮೇ 3ರಂದು, ಮುಂಬೈ ಗೋರೆಗಾಂವ್‌ನ ನೆಸ್ಕೋ ಸಭಾಂಗಣಕ್ಕೆ. ಅದೇ ವರ್ಷ ದೆಹಲಿಯಲ್ಲೂ ನಡೆಯಿತು.

ಇನ್ನು ಪ್ರವಾಸ. ಹೊರದೇಶಕ್ಕೆ ಮ್ಯಾರಥಾನ್ ಓಡಲು ಹೋಗುವವರು ಆ ಊರಿನ ಬೀದಿಗಳನ್ನೇ ಓಡುತ್ತಾರೆ. ಬರ್ಲಿನ್ನಿನಲ್ಲಿ ಬ್ರಾಂಡೆನ್‌ಬರ್ಗ್ ಗೇಟಿನ ಕೆಳಗೆ, ಲಂಡನ್ನಿನಲ್ಲಿ ಟವರ್ ಬ್ರಿಡ್ಜಿನ ಮೇಲೆ. ಓಟವೇ ಅವರಿಗೆ ಊರು ತೋರಿಸುತ್ತದೆ. ಹೈರಾಕ್ಸಿನಲ್ಲಿ ಆ ಭಾಗ್ಯ ಇಲ್ಲ. ಮುಂಬೈಯಲ್ಲಿ ಕಾಣುವ ಅದೇ ಯಂತ್ರ, ಅದೇ ದೂರ, ಅದೇ ತೂಕ, ಕಪ್ಪು ಹಳದಿಯ ಅದೇ ಫಲಕಗಳು ಸಿಂಗಪುರದಲ್ಲೂ ಷಿಕಾಗೋದಲ್ಲೂ ಕಾಣುತ್ತವೆ. ಹಾಗಿರುವುದರಿಂದಲೇ ಒಂದು ಊರಿನ ಸಮಯವನ್ನು ಇನ್ನೊಂದು ಊರಿನ ಸಮಯದ ಪಕ್ಕ ಇಟ್ಟು ನೋಡಬಹುದು. ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇದೆ: ಸ್ಲೆಡ್ ಜಾರುವ ಕಾರ್ಪೆಟ್ ಒಂದು ಕಡೆ ನುಣುಪು, ಒಂದು ಕಡೆ ಹಿಡಿತ ಜಾಸ್ತಿ, ಒಂದು ಹಾಲಿನಲ್ಲಿ ತಂಪು, ಇನ್ನೊಂದರಲ್ಲಿ ಜನರ ಉಸಿರಿಗೇ ಸೆಕೆ. ಆದರೆ ಕಣ್ಣಿಗೆ ಬೀಳುವುದು ಎಲ್ಲೆಲ್ಲೂ ಒಂದೇ. ಆದ್ದರಿಂದ ಊರು ಆರಿಸುವಾಗ 'ಎಲ್ಲಿನ ಓಟ ಚೆನ್ನಾಗಿದೆ' ಎಂದು ಕೇಳಬೇಡಿ, ಅದಕ್ಕೆ ಉತ್ತರವಿಲ್ಲ. ಹಾಲಿನಿಂದ ಹೊರಗೆ ಬಂದ ಮೇಲೆ ಅಲ್ಲಿ ನಿಮಗೆ ಯಾರಿದ್ದಾರೆ, ಏನಿದೆ, ಮನೆಬಾಗಿಲಿನಿಂದ ಅಲ್ಲಿಗೆ ತಲುಪುವಷ್ಟರಲ್ಲಿ ಮೈಯಲ್ಲಿ ಎಷ್ಟು ಕಸುವು ಉಳಿದಿರುತ್ತದೆ ಎಂದು ಕೇಳಿ.

ನಾನು ಸಿಂಗಪುರ ಆರಿಸಿದ್ದು ಅಕ್ಕನ ಮಗಳು ಅಲ್ಲಿದ್ದಾಳೆ ಎನ್ನುವ ಒಂದೇ ಕಾರಣಕ್ಕೆ. 2025ರ ಜೂನಿನಲ್ಲಿ ಕಲ್ಲಾಂಗ್‌ನ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಓಟ ಇತ್ತು. 'ಚಿಕ್ಕಮ್ಮ, ಒಬ್ಬಳೇ ಓಡೋಕೆ ನಂಗೆ ಧೈರ್ಯ ಇಲ್ಲ, ನೀನು ಬಾ, ಜೋಡಿ ಆಗೋಣ' ಎಂದು ಫೋನ್ ಮಾಡಿದಳು. ಜೋಡಿ ವಿಭಾಗದಲ್ಲಿ ಎಂಟೂ ಕಿಲೋಮೀಟರನ್ನು ಇಬ್ಬರೂ ಜೊತೆಯಲ್ಲೇ ಓಡಬೇಕು. ಕಸರತ್ತುಗಳನ್ನು ಮಾತ್ರ ಹಂಚಿಕೊಳ್ಳಬಹುದು. ಅವಳಿಗೆ ಇಪ್ಪತ್ತೊಂಬತ್ತು, ನನಗೆ ನಲವತ್ತೆಂಟು. ಅವಳು ಸ್ಕೀ ಯಂತ್ರ, ಹುಟ್ಟಿನ ಯಂತ್ರಗಳಲ್ಲಿ ಪಳಗಿದವಳು. ನನಗೆ ಆ ಯಂತ್ರಗಳು ಮೈಸೂರಿನ ಜಿಮ್ಮಿನಲ್ಲಿ ವಾರಕ್ಕೊಮ್ಮೆ ಸಿಕ್ಕಿದ್ದು ಅಷ್ಟೇ. ಉಳಿದದ್ದಕ್ಕೆಲ್ಲ ಊರೇ ಸಾಕಾಯಿತು. ಹಗ್ಗ ಕಟ್ಟಿದ ಹಳೇ ಲಾರಿ ಟೈರ್, ಹತ್ತು ಕೆ.ಜಿ. ಅಕ್ಕಿ ಚೀಲ, ತಿಂಗಳಿಗೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದು ಬೆಳೆದವರಿಗೆ ಬರ್ಪಿ, ಮಂಡಿ ನೆಲಕ್ಕೆ ಮುಟ್ಟಿಸುವ ಲಂಜ್ ಎಂದರೆ ಹೆಸರು ಮಾತ್ರ ಹೊಸದು.

ಪಾಸ್‌ಪೋರ್ಟಿನ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದು ಎರಡೇ ಊರುಗಳಲ್ಲಿ: ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರು. 2017ರ ಜನವರಿ 25ರಂದು ಮೇಟಗಳ್ಳಿಯ ಅಂಚೆ ಕಚೇರಿಯಲ್ಲಿ ಅದು ತೆರೆಯಿತು. ಅದಕ್ಕೆ ಮೊದಲು ಇಲವಾಲದ ಜನ ಈ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಕೈಯಲ್ಲಿ ಪಾಸ್‌ಪೋರ್ಟ್ ಇದೆ ಎಂದು ಸುಮ್ಮನಿರುವವರೂ ಒಂದು ಸಲ ತೆಗೆದು ತಾರೀಕು ನೋಡಿ. ಬಹಳಷ್ಟು ದೇಶಗಳು ನೀವು ಕಾಲಿಡುವ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ನನ್ನದು ನಾಲ್ಕೇ ತಿಂಗಳು ಉಳಿದಿತ್ತು. ಓಟದ ಟಿಕೆಟ್ ತೆಗೆದುಕೊಂಡ ಮೇಲೆ ಅದು ಗೊತ್ತಾಗಿ, ನವೀಕರಣಕ್ಕೆ ಅರ್ಜಿ ಹಾಕಿ, ಪೊಲೀಸ್ ಪರಿಶೀಲನೆ ಮುಗಿಯುವ ತನಕ ನಿದ್ದೆ ಬರಲಿಲ್ಲ. ಪಾಸ್‌ಪೋರ್ಟ್ ಮೊದಲು, ಓಟದ ಟಿಕೆಟ್ ಆಮೇಲೆ. ಬೇರೆ ಏನನ್ನು ಮರೆತರೂ ಈ ಕ್ರಮ ಮರೆಯಬೇಡಿ.

ವೀಸಾ ಯಾವ ದೇಶಕ್ಕೆ ಬೇಕು, ಯಾವುದಕ್ಕೆ ಬೇಡ ಎನ್ನುವುದು ವರ್ಷಕ್ಕೊಂದು ಸಲ ಬದಲಾಗುತ್ತಿರುವುದರಿಂದ, ಆಯಾ ದೇಶದ ಸರ್ಕಾರಿ ಪುಟದಲ್ಲೇ ನೋಡಿಕೊಳ್ಳಬೇಕು. ಸಿಂಗಪುರಕ್ಕೆ ನಮಗೆ ವೀಸಾ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹೋಗುತ್ತದೆ. ಇಳಿಯುವ ಮುಂಚಿನ ಮೂರು ದಿನಗಳೊಳಗೆ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಥಾಯ್ಲೆಂಡಿಗೂ 2025ರ ಮೇ ತಿಂಗಳಿಂದ ಇಂಥದೇ ಪತ್ರ ಬಂದಿದೆ, ಅದೂ ಉಚಿತ. ಇವಕ್ಕೆ ಹಣ ಕೇಳುವ ಜಾಲತಾಣಗಳು ಹುಡುಕಿದ ಕೂಡಲೇ ಮೇಲೆಯೇ ಬಂದು ಕೂರುತ್ತವೆ, ಅಲ್ಲಿ ಕಾರ್ಡಿನ ನಂಬರ್ ಹಾಕಬೇಡಿ. ಯುರೋಪಿನ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲಿನಿಂದ ಹದಿನೈದು ದಿನದ ಮೊದಲಿನವರೆಗೆ ಅರ್ಜಿ ಹಾಕಬಹುದು. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹದಿನೈದು ದಿನ ಎಂದು ಕಾಗದದಲ್ಲಿದೆ ಎಂದುಕೊಂಡು ಅಷ್ಟಕ್ಕೇ ನಿಲ್ಲುವವರು ಬೇಸಿಗೆಯಲ್ಲಿ ಸಂದರ್ಶನದ ದಿನವೇ ಸಿಗದೆ ಒದ್ದಾಡುತ್ತಾರೆ. ಓಟಕ್ಕೆ ನೋಂದಾಯಿಸಿದ ರಸೀದಿಯನ್ನು ಅರ್ಜಿಯ ಜೊತೆ ಇಟ್ಟರೆ ಪ್ರವಾಸದ ಉದ್ದೇಶ ಅವರಿಗೆ ಸುಲಭವಾಗಿ ಅರ್ಥವಾಗುತ್ತದೆ.

ಓಟದ ಟಿಕೆಟಿನಲ್ಲೂ ತಿಳಿದುಕೊಳ್ಳಬೇಕಾದದ್ದಿದೆ. ಬೇಡಿಕೆ ಹೆಚ್ಚಿರುವ ಊರುಗಳಲ್ಲಿ ಟಿಕೆಟ್ ಬೇಗ ಮುಗಿದುಹೋಗುತ್ತದೆ, ಸಾಮಾನ್ಯ ಟಿಕೆಟಿನ ಹಣ ವಾಪಸ್ ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಹೊರಡುವ ಪದ್ಧತಿ ಇಲ್ಲ, ಕೆಲವು ನಿಮಿಷಕ್ಕೊಂದು ಗುಂಪಿನಂತೆ ಬೆಳಗಿನಿಂದ ಸಂಜೆಯವರೆಗೆ ಬಿಡುತ್ತಾರೆ. ನಿಮ್ಮ ಸರದಿ ಬೆಳಿಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಎನ್ನುವುದು ತಿಳಿಯುವುದು ಓಟದ ವಾರದಲ್ಲಿ. ಹೀಗಾಗಿ ಓಟದ ದಿನ ಸಂಜೆಯ ವಿಮಾನಕ್ಕೆ ವಾಪಸ್ ಟಿಕೆಟ್ ಮಾಡಿಸುವುದು ಬಹಳ ದೊಡ್ಡ ತಪ್ಪು. ನೋಡಲು ಬರುವವರಿಗೂ ಸಾಮಾನ್ಯವಾಗಿ ಟಿಕೆಟ್ ಇರುತ್ತದೆ. ಗಂಡ ಮಕ್ಕಳನ್ನು ಕರೆದುಕೊಂಡು ಹೋಗುವವರು ಅದನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ. ಇಂಥ ಸಭಾಂಗಣಗಳು ಹಲವು ಊರುಗಳಲ್ಲಿ ನಡುಪೇಟೆಯಿಂದ ದೂರ ಇರುತ್ತವೆ. ಅವುಗಳ ಪಕ್ಕದ ದುಬಾರಿ ಹೋಟೆಲ್ ಹುಡುಕುವುದಕ್ಕಿಂತ ಅಲ್ಲಿಗೆ ನೇರವಾಗಿ ಹೋಗುವ ಮೆಟ್ರೋ ದಾರಿಯಲ್ಲಿ ಎಲ್ಲಾದರೂ ಉಳಿದುಕೊಳ್ಳುವುದು ಮೇಲು.

ದೂರದ ಲೆಕ್ಕ ಹಾಕುವಾಗ ನಾವು ಇಲವಾಲದವರು ಬೆಂಗಳೂರಿನವರ ಲೆಕ್ಕ ನಂಬಬಾರದು. ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಎಂದು ಅವರು ಸಲೀಸಾಗಿ ಹೇಳುತ್ತಾರೆ. ಮಂಡಕಳ್ಳಿಯ ನಮ್ಮ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ವಿಮಾನವಿಲ್ಲ. ಇಲ್ಲಿಂದ ದೇವನಹಳ್ಳಿಗೆ ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್. ಮೈಸೂರಿನಿಂದ ಕೆ.ಎಸ್‌.ಆರ್‌.ಟಿ.ಸಿ.ಯ ಫ್ಲೈಬಸ್ ನೇರವಾಗಿ ಹೋಗುತ್ತದೆ, ಒಳ್ಳೆಯ ವ್ಯವಸ್ಥೆ. ಆದರೂ ಮನೆಯಿಂದ ಬಸ್ಸು, ಬಸ್ಸಿನಲ್ಲಿ ನಾಲ್ಕು ಗಂಟೆಗೂ ಮೇಲೆ, ಮೂರು ಗಂಟೆ ಮೊದಲೇ ಹೋಗಿ ಕಾಯುವುದು, ವಿಮಾನ, ಆ ಕಡೆಯ ಸಾಲು, ಮೆಟ್ರೋ ಎಲ್ಲ ಸೇರಿಸಿದರೆ ಬಾಗಿಲಿನಿಂದ ಬಾಗಿಲಿಗೆ ಹದಿನಾಲ್ಕು ಗಂಟೆ. ಅಷ್ಟು ಹೊತ್ತು ಕೂತೇ ಇರುವುದರಿಂದ ಪಾದ ಊದಿಕೊಳ್ಳುತ್ತದೆ, ತೊಡೆಯ ಹಿಂಭಾಗ ಬಿಗಿಯುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯಿರಿ. ಇಳಿದ ದಿನ ಬಿಟ್ಟು ಕನಿಷ್ಠ ಒಂದು ಪೂರ್ತಿ ದಿನ ಮೈಗೆ ಕೊಡಿ.

ಗಡಿಯಾರದ ವ್ಯತ್ಯಾಸವೂ ಚಿಕ್ಕದಲ್ಲ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಓಟ ಎಂದರೆ ಇಲವಾಲದಲ್ಲಿ ಐದೂವರೆ. ತಿಂಡಿ ತಿಂದು ತಯಾರಾಗಲು ಐದಕ್ಕೆ ಏಳಬೇಕು ಎಂದರೆ ಇಲ್ಲಿ ರಾತ್ರಿ ಎರಡೂವರೆ. ಪೂರ್ವಕ್ಕೆ ಹೋಗುವುದು ಪಶ್ಚಿಮಕ್ಕೆ ಹೋಗುವುದಕ್ಕಿಂತ ಮೈಗೆ ಕಷ್ಟ. ನಮ್ಮೊಳಗಿನ ಗಡಿಯಾರ ಇಪ್ಪತ್ತನಾಲ್ಕು ಗಂಟೆಗಿಂತ ಚೂರು ಉದ್ದ ಇರುವುದರಿಂದ, ಅದಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಹೊರಡುವ ಹತ್ತು ದಿನ ಮೊದಲಿನಿಂದ ನಾನು ದಿನಾ ಸ್ವಲ್ಪ ಸ್ವಲ್ಪ ಬೇಗ ಮಲಗಿ, ಬೇಗ ಎದ್ದೆ. ಕೊನೆಯ ದಿನಗಳಲ್ಲಿ ರಾತ್ರಿ ಎಂಟಕ್ಕೆಲ್ಲ ಮನೆಯ ದೀಪ ಆರುತ್ತಿತ್ತು. ಹುಣಸೂರಿನ ಶಿಕ್ಷಕಿಯವರಿಗೆ ಈ ತೊಂದರೆ ಇಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ; ಅಲ್ಲಿನ ಬೆಳಗಿನ ಸರದಿ ಅವರ ಮೈಗೆ ಎದ್ದು ಎಷ್ಟೋ ಹೊತ್ತಾದ ಮೇಲೆ ಬಂದ ಹಾಗಿರುತ್ತದೆ.

ಸಿಂಗಪುರದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಓಟಕ್ಕೆ ಮುಂಚೆ ಊರು ನೋಡಿದ್ದು. ಮೂರು ದಿನ ಮೊದಲೇ ಹೋಗಿದ್ದೆನಲ್ಲ, ಸುಮ್ಮನೆ ಮನೆಯಲ್ಲಿ ಕೂರುವುದೇಕೆ ಎಂದು ಮೊದಲ ದಿನ ಸೆಂಟೋಸಾ, ಎರಡನೇ ದಿನ ಪ್ರಾಣಿಸಂಗ್ರಹಾಲಯ ಮತ್ತು ಗಾರ್ಡನ್ಸ್ ಬೈ ದ ಬೇ. ನಡೆದದ್ದು ಎಷ್ಟೆಂದು ಆಗ ಗೊತ್ತಾಗಲಿಲ್ಲ. ನಮ್ಮ ಮೈಸೂರು ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿ ತಣ್ಣಗಿರುವ ಊರು. ಸಿಂಗಪುರದ ಗಾಳಿಯ ತುಂಬ ನೀರು, ಬೆವರು ಆರುವುದೇ ಇಲ್ಲ. ಎರಡನೇ ದಿನ ಸಂಜೆ ಮೀನಖಂಡ ಕಲ್ಲಿನಂತಾಗಿತ್ತು. 'ಚಿಕ್ಕಮ್ಮ, ನಾಳೆ ನೀನು ಹಾಸಿಗೆ ಬಿಟ್ಟು ಏಳಬೇಡ' ಎಂದು ಅವಳು ಆಣೆ ಹಾಕಿದಳು. ಮೂರನೇ ದಿನ ಮಲಗಿಯೇ ಕಳೆದೆ. ಅದಕ್ಕೇ ಕೂರ್ಗಳ್ಳಿಯ ಹುಡುಗನಿಗೆ ನಾನು ಹೇಳಿದ್ದು: ಆರು ದಿನ ರಜೆ ಸಿಕ್ಕರೆ ಓಟ ಮೂರನೇ ದಿನಕ್ಕೆ ಬರುವ ಹಾಗೆ ನೋಡಿಕೋ, ಊರು ನೋಡುವುದನ್ನೆಲ್ಲ ಆಮೇಲಿನ ಮೂರು ದಿನಕ್ಕೆ ಇಟ್ಟುಕೋ.

ಸಾಮಾನು ಕಟ್ಟುವಾಗ ಓಟದ ಬೂಟು, ಓಟದ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಓಟ ನಿಲ್ಲಬಾರದು. ಹೊಸ ಬೂಟು ಬೇಡ, ಇಲ್ಲಿ ಓಡಿ ಪಳಗಿದ, ಅಡಿ ಜಾರದ ಬೂಟೇ ಸ್ಲೆಡ್ಡಿಗೆ ಬೇಕು. ಓಡುವಾಗ ನುಂಗುವ ಜೆಲ್ ಕೂಡ ವಿಮಾನದವರ ಲೆಕ್ಕದಲ್ಲಿ ದ್ರವವೇ. 100 ಮಿಲಿಲೀಟರಿನ ನಿಯಮ ಅದಕ್ಕೂ ಅನ್ವಯಿಸುತ್ತದೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಪ್ರೋಟೀನ್ ಪುಡಿಯನ್ನು ಹೆಸರಿಲ್ಲದ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಹೋಗಬೇಡಿ, ಅದರ ಡಬ್ಬಿಯಲ್ಲೇ ಇರಲಿ. ಇನ್ನೊಂದು ಮಾತು ಅಡುಗೆಮನೆಯವರಿಗೆ. ಹೊರದೇಶದಲ್ಲಿರುವ ಮಕ್ಕಳಿಗೆ ಮಸಾಲೆ ಪುಡಿ, ಪಾಯಸದ ಸಾಮಾನು ಕಟ್ಟಿಕೊಡುವುದು ನಮ್ಮ ವಾಡಿಕೆ. ಗಸಗಸೆ ಇದ್ದರೆ ತೆಗೆದಿಡಿ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ಮಾದಕ ವಸ್ತುವಿನ ಸಾಲಿನಲ್ಲಿದೆ, ಸಿಂಗಪುರದಲ್ಲೂ ಹಾಗೇ ತರುವಂತಿಲ್ಲ. ದುಬೈಗೆ ಹೊರಟ ಆ ತಾಯಿಗೆ ನಾನು ಮೊದಲು ಹೇಳಿದ್ದೇ ಇದನ್ನು.

ಊಟದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಓಟ ಮುಗಿಯುವವರೆಗೆ ಹೊಟ್ಟೆಗೆ ಪರಿಚಯವಿಲ್ಲದ್ದೇನೂ ಬೇಡ. ಅಂಗಡಿಯ ಮುಚ್ಚಿದ ಪೊಟ್ಟಣದ ರಾಗಿ ಹುರಿಹಿಟ್ಟು ಒಯ್ದಿದ್ದೆ. ಬೆಳಿಗ್ಗೆ ಅದಕ್ಕೆ ಹಾಲು, ಬೆಲ್ಲ, ಜೊತೆಗೆ ಒಂದು ಬಾಳೆಹಣ್ಣು. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು. ಸಿಂಗಪುರದಲ್ಲಿ ನೆಂಟರ ಮನೆ ಇಲ್ಲದವರಿಗೆ ಅಲ್ಲಿನ ಸೆರಂಗೂನ್ ರಸ್ತೆಯಲ್ಲಿ ಎಂ.ಟಿ.ಆರ್. ಇದೆ, ಕೋಮಲ ವಿಲಾಸ್ ಇದೆ. ಬ್ಯಾಂಕಾಕಿನ ಬೀದಿ ತಿಂಡಿ ಎಷ್ಟೇ ಘಮಘಮಿಸಿದರೂ ಅದಕ್ಕೆ ಓಟದ ಮರುದಿನ ಇದ್ದೇ ಇದೆ.

ವಿಮೆಯ ಕಾಗದವನ್ನು ಯಾರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ. ಹಲವು ಪ್ರವಾಸ ವಿಮೆಗಳು ಸ್ಪರ್ಧೆಯಲ್ಲಿ ಭಾಗವಹಿಸುವಾಗ ಆದ ಪೆಟ್ಟಿಗೆ ಹಣ ಕೊಡುವುದಿಲ್ಲ ಎಂದು ಒಳಪುಟದಲ್ಲಿ ಬರೆದಿರುತ್ತವೆ. ರಸ್ತೆಯಲ್ಲಿ ಕಾಲು ಉಳುಕಿದರೆ ಕೊಡುತ್ತಾರೆ, ಸ್ಲೆಡ್ ನೂಕುವಾಗ ಸೊಂಟ ಹಿಡಿದರೆ ಕೊಡುವುದಿಲ್ಲ. ಹೆಚ್ಚುವರಿ ಹಣ ಕಟ್ಟಿ ಕ್ರೀಡೆಯನ್ನು ಸೇರಿಸಿಕೊಳ್ಳುವ ಅವಕಾಶ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಅದನ್ನು ಮುಚ್ಚಿಡಬಾರದು. ನಲವತ್ತು ದಾಟಿದವರು ಹೊರಡುವ ಮೊದಲು ವೈದ್ಯರ ಹತ್ತಿರ ಎದೆಯ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎಂಬುದು ನನ್ನ ಒತ್ತಾಯ.

ಓಟದ ದಿನ ನಮ್ಮ ಸರದಿ ಬಂದದ್ದು ಮಧ್ಯಾಹ್ನ. ಗುರುತಿನ ಚೀಟಿ ತೋರಿಸಿ, ಕಾಲಿಗೆ ಚಿಪ್ ಕಟ್ಟಿಸಿಕೊಂಡು ಒಳಗೆ ಹೋದರೆ ಕಿವಿಗೆ ಸಂಗೀತ ಬಿಟ್ಟು ಬೇರೇನೂ ಕೇಳದು. ಮುಚ್ಚಿದ ಛಾವಣಿಯ ಕೆಳಗೆ ಅಷ್ಟು ದೊಡ್ಡ ಕ್ರೀಡಾಂಗಣ, ಸಾವಿರಾರು ಜನ, ಒಂದೇ ಸಮನೆ ಚಪ್ಪಾಳೆ. ಮೊದಲ ಕಿಲೋಮೀಟರಿನಲ್ಲೇ ನಾನು ಜನರ ಉತ್ಸಾಹಕ್ಕೆ ಸಿಕ್ಕಿ ಜೋರಾಗಿ ಓಡಿಬಿಟ್ಟೆ. 'ನಿಧಾನ ಚಿಕ್ಕಮ್ಮ, ಇನ್ನೂ ಏಳಿದೆ' ಎಂದು ಅವಳು ತೋಳು ಹಿಡಿದಳು. ಸ್ಲೆಡ್ ಹತ್ತಿರ ಬಂದಾಗ ಕೈ ಸರಿಯಾಗಿ ನೆಟ್ಟು, ಸೊಂಟ ತಗ್ಗಿಸಿ ನೂಕಿದರೂ ಮೊದಲು ಅದು ಅಲುಗಲಿಲ್ಲ. ಗಾಡಿಯ ಚಕ್ರ ಕೆಸರಲ್ಲಿ ಹೂತಾಗ ಹೆಗಲು ಕೊಡುತ್ತಾರಲ್ಲ, ಹಾಗೆ ಒಂದು ಸಲ ಅಲುಗಿಸಿಬಿಟ್ಟರೆ ಆಮೇಲೆ ನಿಲ್ಲಿಸಬಾರದು. ಅರ್ಧ ನಾನು, ಅರ್ಧ ಅವಳು. ನೀರಿನ ಕೊಡದಂಥ ಆ ಭಾರಗಳ ಹತ್ತಿರ ಬಂದಾಗ ಮಾತ್ರ ಇದು ಪೂರ್ತಿ ನಂದು ಎಂದೆ. ಇನ್ನೂರು ಮೀಟರನ್ನು ಎಲ್ಲೂ ಇಳಿಸದೆ ಮುಗಿಸಿದೆ. ಮರಳು ಚೀಲದ ಹೊತ್ತಿಗೆ ಎರಡು ದಿನ ಊರು ಸುತ್ತಿದ ಸಾಲ ತೀರಿಸಬೇಕಾಯಿತು. ಎಡಗಾಲಿನ ಮೀನಖಂಡ ಹಿಡಿದುಕೊಂಡಿತು, ಉಳಿದ ಭಾಗ ಅವಳೇ ಹೊತ್ತಳು. ಕೊನೆಯ ನೂರು ಚೆಂಡುಗಳನ್ನು ಹತ್ತು ಹತ್ತರಂತೆ ಹಂಚಿಕೊಂಡೆವು. ನೂರನೆಯದು ಗುರಿ ಮುಟ್ಟಿದಾಗ ಪಕ್ಕದ ಸಾಲಿನಲ್ಲಿ ನನಗಿಂತ ಹಿರಿಯರಾದ, ನರೆಗೂದಲಿನ ಇಬ್ಬರು ಹೆಂಗಸರು ತಮ್ಮ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಕಡೆ ನೋಡಿ ನಕ್ಕರು.

ಮರುದಿನ ಅಷ್ಟೇನೂ ನೋವಿರಲಿಲ್ಲ. ಅದನ್ನು ನಂಬಬಾರದು. ಇಂಥ ಶ್ರಮದ ನೋವು ಒಂದು ದಿನದಿಂದ ಮೂರು ದಿನದೊಳಗೆ ಏರುತ್ತದೆ, ಹಲವರಿಗೆ ಎರಡನೇ ದಿನ ಹೆಚ್ಚು. ಎರಡನೇ ದಿನ ಮೆಟ್ರೋ ನಿಲ್ದಾಣದ ಮೆಟ್ಟಿಲು ಇಳಿಯಲು ಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆ ಇಟ್ಟೆ. ಕೆಲವರು ಓಟದ ಮಾರನೆಯ ದಿನವೇ ಮಲೇಷ್ಯಾದ ಬಾಟು ಗುಹೆಯ ಮುರುಗನ ದರ್ಶನಕ್ಕೆಂದು 272 ಮೆಟ್ಟಿಲು ಹತ್ತುವ ಯೋಜನೆ ಹಾಕಿರುತ್ತಾರೆ. ದೇವರಿಗೆ ನಾಲ್ಕು ದಿನ ಬಿಟ್ಟು ಹೋದರೂ ಬೇಸರವಿಲ್ಲ. ಓಟದ ನಂತರದ ಎರಡು ದಿನ ದೋಣಿ, ವಸ್ತುಸಂಗ್ರಹಾಲಯ, ನೆಂಟರ ಮನೆ, ಒಳ್ಳೆಯ ಊಟ. ಹೆಚ್ಚು ನಡೆಯುವ ಜಾಗಗಳೆಲ್ಲ ಅದಾದ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ಓಟಕ್ಕೇ ಹೊರದೇಶ ಬೇಡ ಎಂಬುದು ನನ್ನ ಅಭಿಪ್ರಾಯ. ಮೊದಲನೆಯದನ್ನು ನಮ್ಮ ದೇಶದಲ್ಲೇ ಓಡಿ. ರೈಲಿನಲ್ಲಿ ಹೋಗಿ ಬರಬಹುದು, ಭಾಷೆಯ ಗೊಂದಲವಿಲ್ಲ, ತಪ್ಪಾದರೆ ನಷ್ಟ ಕಡಿಮೆ. ಹಾಲ್ ಎಲ್ಲ ಕಡೆ ಒಂದೇ ಆಗಿರುವುದರಿಂದ ಮುಂಬೈಯಲ್ಲಿ ಕಲಿತದ್ದು ದುಬೈಯಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. ನಾನು ಅದನ್ನು ಮಾಡಲಿಲ್ಲ, ಅಕ್ಕನ ಮಗಳ ಕರೆಗೆ ಓಗೊಟ್ಟೆ. ಅವಳು ಇಲ್ಲದಿದ್ದರೆ ಆ ಕ್ರೀಡಾಂಗಣದಲ್ಲಿ ದಿಕ್ಕು ತೋಚದೆ ನಿಲ್ಲುತ್ತಿದ್ದೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಪುಕ್ಕಟೆ ಇರುವಾಗ ಇಷ್ಟು ಹಣ ಖರ್ಚು ಮಾಡುವುದು ಸರಿಯೇ ಎಂದು ನಮ್ಮ ಮನೆಯ ಹಿರಿಯರೇ ಕೇಳಿದ್ದಾರೆ. ಸರಿಯಾದ ಪ್ರಶ್ನೆ. ಸಾಲ ಮಾಡಿ ಹೋಗುವಂಥದ್ದಲ್ಲ ಇದು ಎಂದು ನಾನೂ ಹೇಳುತ್ತೇನೆ. ಆದರೆ ಮದುವೆಯಾದ ಮೇಲೆ ನಮ್ಮ ಕಡೆಯ ಹೆಂಗಸಿಗೆ ತನ್ನ ಮೈಯ ಶಕ್ತಿಯನ್ನು ಯಾರೆದುರಿಗಾದರೂ ತೋರಿಸುವ ಸಂದರ್ಭ ಎಲ್ಲಿ ಬರುತ್ತದೆ? ಶಾಲೆಯಲ್ಲಿ ಖೋಖೋ ಆಡಿದ್ದೇ ಕೊನೆ. ಹೈರಾಕ್ಸಿನಲ್ಲಿ ಒಂಟಿಯಾಗಿ ಓಡುವವರಿಗೆ ಐದೈದು ವರ್ಷಕ್ಕೊಂದು ವಯಸ್ಸಿನ ಗುಂಪು ಮಾಡಿ, ಅರವತ್ತು ದಾಟಿದವರಿಗೂ ಒಂದು ಸಾಲು ಇಟ್ಟಿದ್ದಾರೆ. ತೆರೆಯ ಮೇಲೆ ಅವರ ಹೆಸರು, ಊರು, ಸಮಯ ಮೂಡುವುದನ್ನು ನಾನು ನೋಡಿದೆ. ಅದಕ್ಕಾಗಿ ಎರಡು ವರ್ಷ ಚೀಟಿ ಹಾಕಿ ಕೂಡಿಟ್ಟ ಹಣ ಕೊಟ್ಟದ್ದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ನಮ್ಮದು ದೂರದ ಪ್ರಯಾಣಿಕರನ್ನು ಕಂಡ ಊರು. 1957ರ ಸೆಪ್ಟೆಂಬರಿನಲ್ಲಿ ಇಲ್ಲಿ ಗ್ರಾಮದಾನ ಪರಿಷತ್ತು ನಡೆದಾಗ ನೆಹರೂ ಬಂದಿದ್ದರು, ಬಾಬು ರಾಜೇಂದ್ರ ಪ್ರಸಾದ್ ಬಂದಿದ್ದರು. ವಿನೋಬಾ ಭಾವೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತುತ್ತಿದ್ದ ಕಾಲ ಅದು. ಅಂದಿನ ಇಂಗ್ಲಿಷ್ ಸುದ್ದಿಗಳಲ್ಲಿ ನಮ್ಮೂರಿನ ಹೆಸರನ್ನು ವೈ ಅಕ್ಷರದಿಂದ ಬರೆದರು, ಹಾಗೆ ಬರೆಯುವುದು ಇಂದಿಗೂ ನಡೆದುಬಂದಿದೆ. ಕೆಲವು ದಾಖಲೆಗಳಲ್ಲಿ ಐ ಇದೆ, ಕೆಲವದರಲ್ಲಿ ಇ ಇದೆ. ಈ ಮಾತು ಏಕೆ ಬಂತೆಂದರೆ, ನಮ್ಮ ಬೆಳಗಿನ ಗುಂಪಿನ ನಾಲ್ವರು ರಿಲೇ ತಂಡ ಕಟ್ಟಿದ್ದೇವೆ. ರಿಲೇಯಲ್ಲಿ ಒಬ್ಬೊಬ್ಬರಿಗೆ ಎರಡು ಕಿಲೋಮೀಟರ್ ಓಟ, ಎರಡು ಕಸರತ್ತು. ಮೊದಲು ಮುಂಬೈ, ಆಮೇಲೆ ಬ್ಯಾಂಕಾಕ್ ಎಂದು ಮಾತಾಗಿದೆ. ಮೂವರ ಪಾಸ್‌ಪೋರ್ಟ್ ಸಿದ್ಧವಿದೆ. ನಾಲ್ಕನೆಯವಳು ಡೇರಿಗೆ ಹಾಲು ಹಾಕುವವಳು, ನಮ್ಮೆಲ್ಲರಿಗಿಂತ ಚೆನ್ನಾಗಿ ಭಾರ ಹೊರುವವಳು. ಅವಳ ಶಾಲೆಯ ವರ್ಗಾವಣೆ ಪತ್ರದಲ್ಲಿ ಹುಟ್ಟಿದೂರು ವೈಯಿಂದ ಶುರುವಾಗುತ್ತದೆ, ಆಧಾರಿನಲ್ಲಿ ಐಯಿಂದ. ಗುರುವಾರ ಹತ್ತೂವರೆಗೆ ಮೇಟಗಳ್ಳಿ ಅಂಚೆ ಕಚೇರಿಯಲ್ಲಿ ಅವಳ ಸರದಿ ಇದೆ, ಎಲ್ಲ ಕಾಗದದ ಎರಡೆರಡು ಪ್ರತಿ ಹಿಡಿದುಕೊಂಡು ನಾನೂ ಜೊತೆಗೆ ಹೋಗುತ್ತಿದ್ದೇನೆ.